ಚಾವಿ ಯಾರ ಕೈಗೆ

ಕಾರಿನ ಬಾನೆಟ್ಟಿನ ಮೇಲೆ ಅರಿಸಿನ, ಕುಂಕುಮ, ಊದಿನಕಡ್ಡಿಯ ತಟ್ಟೆ ಇತ್ತು. ಆ ಕಾರು ಕೊಂಡ ಸುಶೀಲವ್ವನನ್ನು ಅದರಿಂದ ಎಂಟು ಹೆಜ್ಜೆ ದೂರ, ತುಳಸಿಕಟ್ಟೆಯ ಆಚೆ ನಿಲ್ಲಿಸಿದ್ದರು.

ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ನಮ್ಮ ಸಮಾಜ ತನ್ನ ಕೆಲಸ ಮಾಡುತ್ತದೆ. ಮನೆಯೊಡತಿ ವತ್ಸಲಾಬಾಯಿ ಆರತಿ ಹಿಡಿದು ಹೊರಗೆ ಬಂದವರು ಒಮ್ಮೆ ಸುಶೀಲವ್ವನ ಹಣೆ ನೋಡಿದರು. ವಿಭೂತಿ ಇತ್ತು, ಕುಂಕುಮ ಇರಲಿಲ್ಲ. ಅಷ್ಟೇ ಸಾಕಾಯಿತು. ಮೈದುನ ಶಂಕ್ರಪ್ಪ, "ಅತ್ತಿಗಿ, ಒಂಚೂರು ನೆಳ್ಳಿಗೆ ಸರೀರಿ, ಬಿಸಲು ಭಾಳ ಐತಿ" ಎಂದ. ಹನ್ನೊಂದು ಗಂಟೆಯ ಬಿಸಿಲು ಅವನ ಬೋಳುತಲೆಯ ಮೇಲೂ ಬೀಳುತ್ತಿತ್ತು. ಅವನು ಸರಿಯಲಿಲ್ಲ.

ಅಣ್ಣಿಗೇರಿಯ ಆ ಅಂಗಳದಲ್ಲಿದ್ದ ಕಾರು ಬೆಳ್ಳಿ ಬಣ್ಣದ್ದು, ಸಣ್ಣದು, ಆದರೆ ಹಿಂದೆ ಡಿಕ್ಕಿ ಇದ್ದದ್ದು. ನಿವೃತ್ತ ಮಾಸ್ತರ ಪಂಢರಿನಾಥರು ಒಂಬತ್ತು ವರ್ಷ ಅದನ್ನು ಒರೆಸಿ ಒರೆಸಿ ಇಟ್ಟುಕೊಂಡಿದ್ದರು. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಈಗ ಕಣ್ಣು ಮಂಜಾಗಿದ್ದಕ್ಕೆ ಮಾರುತ್ತಿದ್ದರು. ಮೂರು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ಹಿಂದಿನ ದಿನವೇ ಸುಶೀಲವ್ವನ ಖಾತೆಯಿಂದ ಅವರ ಖಾತೆಗೆ ಹೋಗಿತ್ತು. ಹೆಸರು, ಕಡಲೆ, ಮೆಣಸಿನಕಾಯಿ ಸೇರಿ ಎರಡು ವರ್ಷದ ಬೆಳೆಯ ಉಳಿತಾಯ ಅದು. ಬಿತ್ತಿದವಳು ಅವಳು. ಟ್ರ್ಯಾಕ್ಟರ್ ಹೊಡೆದವಳೂ ಅವಳೇ.

ಹೌದು, ಟ್ರ್ಯಾಕ್ಟರ್. ಒಂಬತ್ತು ವರ್ಷದ ಹಿಂದೆ, ಗಂಡ ಸತ್ತ ವರ್ಷ, ಮುಂಗಾರಿಗೆ ಅವಳ ಊರು ಶಲವಡಿಯಲ್ಲಿ ಡ್ರೈವರ್ ಸಿಗಲಿಲ್ಲ. ಸುಶೀಲವ್ವ ಕಚ್ಚೆ ಕಟ್ಟಿ ಹತ್ತಿ ಕೂತಳು. ಮೊದಲು ತನ್ನ ಹೊಲ, ಆಮೇಲೆ ಮೈದುನನ ಹೊಲ, ಆಮೇಲೆ ಬಂದು ಕೈಮುಗಿದವರ ಹೊಲ. ಎರೆಮಣ್ಣಿಗೆ ಹದ ಬಂದರೆ ನಾಲ್ಕೇ ದಿನ. ಆ ನಾಲ್ಕು ದಿನ ಊರಿನ ಯಾವ ಗಂಡಸೂ ಅವಳ ಹಣೆ ನೋಡಲಿಲ್ಲ. ಬೀಜ ಮಣ್ಣಿಗೆ ಬೀಳುವ ಹೊತ್ತಿನಲ್ಲಿ ಎದುರಿಗಿದ್ದ ವಿಧವೆ ಯಾರಿಗೂ ಅಪಶಕುನವಾಗಲಿಲ್ಲ. ಬೆಳೆ ಬಂದು, ಚೀಲ ತುಂಬಿ, ಮನೆಮನೆಯಲ್ಲಿ ಮದುವೆಯ ಮಾತು ಶುರುವಾದ ಮೇಲೆ ಮತ್ತೆ ಅಪಶಕುನವಾದಳು. ಇವರ ಶಾಸ್ತ್ರ ಇಷ್ಟೇ: ದುಡಿಯಲು ವಿಧವೆ ಬೇಕು, ಉಣ್ಣಲು ಕೂತಾಗ ಮೂಲೆಗೆ ಸರಿಯಬೇಕು.

ಹೋದ ವರ್ಷ ಶಂಕ್ರಪ್ಪನ ಮಗಳ ಮದುವೆಗೆ ಕುಂದಗೋಳಕ್ಕೆ ಹೊರಟಾಗ ಬಾಡಿಗೆ ಕಾರಿನಲ್ಲಿ ಒಬ್ಬರಿಗೆ ಜಾಗ ಖಾಲಿ ಇತ್ತು. ಸುಶೀಲವ್ವ ಬಾಗಿಲಿಗೆ ಕೈ ಹಾಕಿದಳು. ಶಂಕ್ರಪ್ಪನ ಮಗ ಈರೇಶ ಒಳಗಿನಿಂದಲೇ, "ದೊಡ್ಡವ್ವ ಭಾಂಡೆದ ಟೆಂಪೋದಾಗ ಬರ್ತಾಳ, ಬಿಡಪಾ ಗಾಡಿ" ಎಂದು ಡ್ರೈವರನಿಗೆ ಹೇಳಿದ. ಪಾತ್ರೆಪಗಡೆಯ ನಡುವೆ ಅಕ್ಕಿ ಚೀಲದ ಮೇಲೆ ಕೂತು, ಹಂಡೆಯ ಮುಚ್ಚಳ ಬಡಿಯದಂತೆ ಹಿಡಿದುಕೊಂಡು ಅವಳು ಕುಂದಗೋಳ ಮುಟ್ಟಿದಳು. ಅಳಲಿಲ್ಲ. ಕಾರು ಕೊಳ್ಳಬೇಕು, ಆ ಕಾರಿನಂಥದೇ, ಡಿಕ್ಕಿ ಇರುವಂಥದೇ ಎಂದು ಆ ದಾರಿಯಲ್ಲೇ ನಿರ್ಧರಿಸಿದಳು.

ಈ ಶಂಕ್ರಪ್ಪ ದಿನಾ ಬೆಳಿಗ್ಗೆ ಮಿಂದು ಲಿಂಗಪೂಜೆ ಮಾಡುವವನು. ಸೂತಕವಿಲ್ಲ, ಶಕುನವಿಲ್ಲ ಎಂದು ಎಂಟುನೂರು ವರ್ಷದ ಹಿಂದೆ ಸಾರಿದ ಶರಣರ ಮಕ್ಕಳು ನಾವು ಎಂದು ಮೈಕು ಸಿಕ್ಕಲ್ಲೆಲ್ಲ ಹೇಳುವವನು. ಮೈಕು ಕೆಳಗಿಟ್ಟ ಮೇಲೆ ಅವನಿಗೆ ಶರಣರು ನೆನಪಾಗುವುದಿಲ್ಲ.

ಅವನನ್ನು ಯಾಕೆ ಕರೆತಂದಳು ಎಂದು ಕೇಳಬಹುದು. ಮಗಳು ಅಮೃತಾ ಹಟ ಹಿಡಿದಿದ್ದಳು. ನವಲಗುಂದದ ಖಾಸಗಿ ಶಾಲೆಯಲ್ಲಿ ಪಾಠ ಹೇಳುವ, ಇಪ್ಪತ್ಮೂರು ವರ್ಷದ, ಓದಿದ ಮಗಳು. "ಕಾಕಾನ ಬಿಟ್ಟು ಗಾಡಿ ತಗೊಂಡ್ರ ಮಂದಿ ಏನಂತಾರ ಯವ್ವಾ?" ಎಂದಳು. ಸುಶೀಲವ್ವ ಒಪ್ಪಿದಳು. ಅವಳು ಮಾಡಿದ ತಪ್ಪು ಅದೊಂದೇ.

ಹೋದ ವಾರ ವ್ಯವಹಾರಕ್ಕೆ ಬಂದಾಗ ಶಂಕ್ರಪ್ಪ ಎತ್ತಿನ ಸಂತೆಯ ರೂಢಿಯಂತೆ ಹೆಗಲ ಮೇಲಿನ ಟವೆಲ್ಲನ್ನು ಮಾಸ್ತರರ ಕೈ ಮೇಲೆ ಹೊದಿಸಿ, ಅದರ ಕೆಳಗೆ ಅವರ ಬೆರಳು ಹಿಚುಕತೊಡಗಿದ್ದ. ದರವನ್ನು ಬೆರಳಿನಲ್ಲಿ ಹೇಳುವುದು, ಸುತ್ತಲಿನವರಿಗೆ ತಿಳಿಯಬಾರದು. ಪಂಢರಿನಾಥರು ಗಾಬರಿಯಾಗಿ ಕೈ ಕೊಸರಿದರು.

"ಏನ್ ಮಾಡ್ಲಿಕ್ಕತ್ತೀರಿ? ಬಾಯಿಲೆ ಹೇಳ್ರಿ!"

ಕಾರಿನ ಕೆಳಗೆ ಮಲಗಿ ಎಣ್ಣೆ ಸೋರುತ್ತದೆಯೋ ಎಂದು ನೋಡುತ್ತಿದ್ದ ಗ್ಯಾರೇಜಿನ ಮೇಸ್ತ್ರಿ ನಿಜಾಮಸಾಬ ಅಲ್ಲಿಂದಲೇ, "ಕಾಕಾ, ಹಲ್ಲೂ ಎಣಿಸ್ತೀರೇನ್ರಿ? ನಾ ಗಾಡೀ ಬಾಯಿ ತಗದ ತೋರಸ್ತೀನಿ ತಡೀರಿ" ಎಂದ. ಸುಶೀಲವ್ವ ಟವೆಲ್ಲನ್ನು ಎತ್ತಿ ಮೈದುನನ ಹೆಗಲಿಗೆ ಹಾಕಿ, "ಮೂರು ಇಪ್ಪತ್ತು. ಬ್ಯಾಂಕಿನಾಗ ಹಾಕಸ್ತೀನಿ. ಆಗತೈತೇನ್ರಿ ಸರ?" ಎಂದಳು. ಆಯಿತು. ಊರಲ್ಲಿ ಮಾತ್ರ ವ್ಯವಹಾರ ಕುದುರಿಸಿದ್ದು ಶಂಕ್ರಪ್ಪ ಎಂದೇ ಸುದ್ದಿ.

ಇವತ್ತು ವತ್ಸಲಾಬಾಯಿ ಕಾರಿಗೆ ಆರತಿ ಎತ್ತಿದರು, ಚಾವಿಗೆ ಕುಂಕುಮ ಹಚ್ಚಿದರು, ತೆಂಗಿನಕಾಯಿಯ ಜೊತೆ ಹಿಡಿದು ಸುತ್ತ ನೋಡಿದರು.

"ಮನಿ ಲಕ್ಷ್ಮಿನ್ನ ಕೊಡ್ಲಿಕ್ಕತ್ತೇವಿ. ಮುತ್ತೈದಿ ಕೈಯಾಗ ಕೊಡೂದು ನಮ್ಮಲ್ಲಿ ಪದ್ಧತಿ. ಯಾರ ಕೈಯಾಗ ಕೊಡ್ಲಿ?"

"ಅಮೃತಾನ ಕೈಯಾಗ ಕೊಡ್ರಿ ಬಾಯಾರ" ಎಂದ ಶಂಕ್ರಪ್ಪ. "ಕನ್ಯಾ ಅದಾಳ, ನಡೀತೈತಿ."

ಅಮೃತಾ ತುಳಸಿಕಟ್ಟೆಯತ್ತ ನೋಡಿದಳು. "ತಗೋ" ಎಂದಳು ತಾಯಿ. ಮಗಳ ಕೈಯೂ ತನ್ನ ಕೈಯೇ ಎಂದುಕೊಂಡು ಆ ಒಂದು ಗುಟುಕನ್ನು ನುಂಗಿದಳು.

ಆಮೇಲೆ ಕಾಗದ. ಪಂಢರಿನಾಥರು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು, ಭೂತಗನ್ನಡಿ ಹಿಡಿದು, ಕಾರು ವರ್ಗ ಮಾಡುವ ಫಾರ್ಮಿಗೆ ಸಹಿ ಮಾಡಿದರು. ಕೊಳ್ಳುವವರ ಆಧಾರ್ ಕೇಳಿದರು. ಸುಶೀಲವ್ವ ಚೀಲದ ಗಂಟು ಬಿಚ್ಚುವಷ್ಟರಲ್ಲಿ ಶಂಕ್ರಪ್ಪ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಝೆರಾಕ್ಸ್ ತೆಗೆದು ಕೊಟ್ಟ. ಮಾಸ್ತರರು ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು. ಸುಶೀಲವ್ವ ಏಳನೇ ತರಗತಿ ಓದಿದವಳು. ಎಂಟು ಹೆಜ್ಜೆ ದಾಟಿ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಈರೇಶ ಅಂತ ಯಾಕ ಬರದೀರಿ?"

ಅಪ್ಪನ ಜೊತೆ ಬಂದಿದ್ದ ಈರೇಶ ಮೊಬೈಲ್ ನೋಡಿದ.

"ಅತ್ತಿಗಿ, ಸಮಾಧಾನ ತಗೋರಿ" ಎಂದ ಶಂಕ್ರಪ್ಪ. "ಗಾಡಿ ನಿಮ್ಮದ. ಹೆಸರು ಒಂದು ಅವನದಿರ್ಲಿ. ವಾಹನ ಅಂದ್ರ ಲಕ್ಷ್ಮಿ. ನಿಮ್ಮ ಹೆಸರಿನ ಗಾಡ್ಯಾಗ ನಾಳೆ ಮದುಮಕ್ಕಳು ಹ್ಯಾಂಗ ಕುಂದರಬೇಕು?"

"ಮದುಮಕ್ಕಳು ಕುಂದರಲಿ ಅಂತ ನಾ ತಗೊಂಡಿಲ್ಲ. ನಾ ಕುಂದರಾಕ ತಗೊಂಡೇನಿ."

"ದೊಡ್ಡವ್ವ, ಎಲ್ಲಿಗೆ ಬೇಕಂದ್ರೂ ನಾ ಒಯ್ಯತೀನಲ್ಲ" ಎಂದ ಈರೇಶ.

"ಎಲ್ಲಿಗೆ ಒಯ್ಯತಿ? ಭಾಂಡೆದ ಸಂಗಾಟ ಒಯ್ದಂಗನು?"

"ಸಣ್ಣ ಮಾತು ಇಟಗೊಂಡು ದೊಡ್ಡದು ಮಾಡಬ್ಯಾಡ್ರಿ" ಶಂಕ್ರಪ್ಪನ ದನಿ ಏರಿತು. "ಅಪಶಕುನ ಅನ್ನೂದು ನಾ ಹುಟ್ಟಿಸಿದ್ದಲ್ಲ. ಮಂದಿ ಅಂತಾರ."

"ಒಂಬತ್ತು ವರ್ಷ ನಿನ್ನ ಹೊಲ ಹೊಡದೀನಲ್ಲ ಶಂಕ್ರಪ್ಪ, ಅವಾಗ ಮಂದಿ ಸತ್ತಿದ್ರನು? ನಾ ಬಿತ್ತಿದ ಕಡ್ಲಿ ತಿಂತೀ. ಅಪಶಕುನ ಹಲ್ಲಾಗ ಸಿಗಬೀಳಲಿಲ್ಲನು?"

ಇವತ್ತೂ ಬಂದಿದ್ದ ನಿಜಾಮಸಾಬ ಮುಖ ತಿರುಗಿಸಿ ಚಕ್ರದ ಗಾಳಿ ನೋಡುವವನಂತೆ ಕೂತ. ವತ್ಸಲಾಬಾಯಿ, "ಪೂಜಾ ಆಗೇದ, ಹಿಂಗ ಜಗಳ ಆಡಬಾರದ್ರೀ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಆಗ ಶಂಕ್ರಪ್ಪ ಅಮೃತಾಳತ್ತ ತಿರುಗಿದ. ಎಲ್ಲಿ ಹೊಡೆದರೆ ಮುರಿಯುತ್ತದೆ ಎಂದು ಇಂಥವರಿಗೆ ಯಾರೂ ಕಲಿಸಬೇಕಾಗಿಲ್ಲ.

"ಅಮ್ಮೀ, ಚಾವಿ ಈರೇಶಗ ಕೊಡು. ಮನಿಗೆ ಹೋಗಿ ಮಾತಾಡೂಣು. ಸೋಮವಾರ ಗುಡಗೇರಿಯವ್ರು ನಿನ್ನ ನೋಡಾಕ ಬರಾವ್ರ ಅದಾರ. ಕಾಕಾನ ಮಾತಿನ ಮ್ಯಾಲ ಬರಾಕತ್ತಾರ, ನೆನಪಿರಲಿ."

ಅಮೃತಾ ಚಾವಿಯನ್ನು ನೋಡಿದಳು. ತಾಯಿಯನ್ನು ನೋಡಲಿಲ್ಲ. "ಮನಿಯಾಗ ಮಾತಾಡೂಣಂತ ಯವ್ವಾ" ಎಂದು ಹೇಳುತ್ತಲೇ ಈರೇಶನ ಕೈಗೆ ಇಟ್ಟಳು.

ಭಾಂಡೆಯ ಟೆಂಪೋ ಸುಶೀಲವ್ವನ ಎದೆಗೆ ಇಷ್ಟು ಬಡಿದಿರಲಿಲ್ಲ. ಅವಳು ಕಟ್ಟೆಯ ಮೇಲಿನ ಫಾರ್ಮನ್ನು ಎತ್ತಿದಳು. ಮಾಸ್ತರರ ಸಹಿ, ದುಂಡಗಿನ ಅಕ್ಷರ, ಈರೇಶನ ಹೆಸರು ಎಲ್ಲ ಸೇರಿ ಎರಡಾಗಿ ಹರಿದಳು. ನಾಲ್ಕಾಗಿ ಹರಿದಳು.

"ಅಯ್ಯ, ಅದ ಒಂದ ಪ್ರತಿ ಇತ್ತು!" ಪಂಢರಿನಾಥರು ಎದ್ದು ನಿಂತರು.

"ಸರ, ರೊಕ್ಕ ಯಾರ ಖಾತೇದಿಂದ ಬಂತು?"

"ನಿಮ್ಮದರಿಂದನ."

"ಅಂದ್ರ ನನ್ನ ಹೆಸರು ಬರೀರಿ. ಇಲ್ಲಾ ನನ್ನ ರೊಕ್ಕ ಇಲ್ಲೇ, ಈಗ, ತಿರುಗಿ ಹಾಕ್ರಿ. ಮೂರನೇದ್ದು ಇಲ್ಲ. ನೀವು ಮೂವತ್ತೈದು ವರ್ಷ ಹುಡುಗರಿಗೆ ಓದು ಕಲಿಸಿದಾವ್ರು. ಕಿಸೆದಾಗಿನ ಕಾಗದ ಯಾರದು ಅಂತ ಒಂದು ಮಾತು ಕೇಳಾಕ ನಿಮಗ ಬಾಯಿ ಬರಲಿಲ್ಲ."

ಪಂಢರಿನಾಥರು ಶಂಕ್ರಪ್ಪನನ್ನೂ ಅವಳನ್ನೂ ನೋಡಿದರು. ಅವರ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಹೆದರಿದರು. "ಶಂಕ್ರಪ್ಪನವರ, ರೊಕ್ಕ ಇವರದು. ನಾಳೆ ಕೇಸು-ಕೋರ್ಟು ಅಂದ್ರ ನನ್ನ ಕುತ್ತಿಗಿಗೆ ಬರ್ತದ. ನನ್ನಿಂದ ಆಗೂದಿಲ್ಲ" ಎಂದರು. ನ್ಯಾಯ ನಮ್ಮ ಕಡೆ ಬರುವುದೇ ಹೀಗೆ, ಯಾರದೋ ಅಂಜಿಕೆಯ ಬೆನ್ನ ಹಿಂದೆ ನಡೆದುಕೊಂಡು.

"ಫಾರ್ಮು ನಾ ತರ್ತೀನ್ರಿ ಅಕ್ಕಾರ" ಎಂದು ನಿಜಾಮಸಾಬ ಬೈಕು ಒದ್ದು ಹೋದ.

ಅವನು ಬಸ್‌ಸ್ಟ್ಯಾಂಡ್ ಬಳಿಯ ಕಂಪ್ಯೂಟರ್ ಅಂಗಡಿಯಿಂದ ಹಿಂದಿರುಗುವವರೆಗೆ ಇಪ್ಪತ್ತು ನಿಮಿಷ ಸುಶೀಲವ್ವ ಕಟ್ಟೆಯ ಮೇಲೆ, ಮಾಸ್ತರರ ಪಕ್ಕದಲ್ಲೇ ಕೂತಿದ್ದಳು. ಫಾರ್ಮು ಬಂತು. ಮಾಸ್ತರರು ಪೆನ್ನು ಹಿಡಿದರು.

"ಸುಶೀಲವ್ವ... ಇಲ್ಲಿ ಗಂಡನ ಹೆಸರು ಕೇಳ್ತಾರ."

"ಸಂಗನಬಸವ. ಬರೀರಿ." ಅವಳು ಫಾರ್ಮಿನ ಮೇಲೆ ಬೆರಳು ಊರಿದಳು. "ಸತ್ತಾವರು ಅವರು. ನಾ ಅಲ್ಲ."

ಸಹಿ ಮಾಡಿ ಎದ್ದು, ಈರೇಶನ ಮುಂದೆ ಕೈ ಚಾಚಿದಳು. ಅವನು ಅಪ್ಪನ ಮುಖ ನೋಡಿದ. ಚಾವಿಯನ್ನು ಕೈಗೆ ಕೊಡದೆ ನೆಲಕ್ಕೆ ಹಾಕಿದ. ಅವಳು ಬಗ್ಗಿ ಎತ್ತಿಕೊಂಡು, ಕುಂಕುಮಕ್ಕೆ ಹತ್ತಿದ ಮಣ್ಣನ್ನು ಸೆರಗಿಗೆ ಒರೆಸಿದಳು.

ಇಷ್ಟು ಹೊತ್ತು ಹಲ್ಲಿನ ಹಿಂದೆ ಇಟ್ಟುಕೊಂಡಿದ್ದನ್ನು ಶಂಕ್ರಪ್ಪ ಆಗ ಉಗುಳಿದ. "ಮುಂಡಿ ಹೊಡಿಯೂ ಗಾಡ್ಯಾಗ ನಾ ಕಾಲ ಇಡಂಗಿಲ್ಲ!"

"ಇಡಬ್ಯಾಡ. ಹನ್ನೆರಡೂವರಿಗೆ ಬಸ್ಸೈತಿ. ಹತ್ತೂ ಮೊದಲ ಅದರಾಗ ಎಷ್ಟು ಮಂದಿ ಮುಂಡೇರು ಕುಂತಾರ ಅಂತ ಕಂಡಕ್ಟರನ ಕೇಳು. ಯಾರೂ ಇಲ್ಲದ ಬಸ್ಸು ಬರೂ ತನಕಾ ಅಲ್ಲೇ ನಿಂದ್ರು."

ನಿಜಾಮಸಾಬ ಗೇಟು ತೆರೆದು, "ಕ್ಲಚ್ಚು ಟ್ರ್ಯಾಕ್ಟರಿನಂಗ ತುಳೀಬ್ಯಾಡ್ರಿ, ಇದು ಹಗೂರ ಐತಿ" ಎಂದ. ಮೊದಲ ಸಲ ಕಾರು ಹಾರಿ ನಿಂತಿತು. ಈರೇಶ ಕಿಸಕ್ಕನೆ ನಕ್ಕ. ಎರಡನೇ ಸಲ ಹೊರಟಿತು. ಅಮೃತಾ ಗೇಟಿನ ಬಳಿ ಕಾಕಾನನ್ನೂ ಕಾರನ್ನೂ ನೋಡುತ್ತ ನಿಂತಿದ್ದವಳು, ಕಾರು ಅರ್ಧ ಹೊರಗೆ ಹೋದ ಮೇಲೆ ಓಡಿ ಬಂದು ಹತ್ತಿದಳು.

ಊರು ದಾಟಿ, ಎರಡೂ ಕಡೆ ಕರಿಹೊಲ ಬಂದ ಮೇಲೆ ಅಮೃತಾ ಅಳತೊಡಗಿದಳು. "ಗುಡಗೇರಿಯವ್ರು ಇನ್ನ ಬರಂಗಿಲ್ಲ. ಕಾಕಾ ಹೋಗಿ ಹೇಳ್ತಾನ."

ಸುಶೀಲವ್ವ ರಸ್ತೆಯ ನಡುವೆಯೇ ಬ್ರೇಕು ಒತ್ತಿದಳು.

"ಚಾವಿ ಅವನ ಕೈಯಾಗ ಯಾಕ ಕೊಟ್ಟಿ?"

"ಯವ್ವಾ, ಬಾಜೂಕ ಹಚ್ಚು, ಹಿಂದ ಲಾರಿ ಬಂದೈತಿ..."

"ಯಾಕ ಕೊಟ್ಟಿ ಅಂತ ಕೇಳಿದೆ. ಅವರು ಕಸಗೊಂಡಿದ್ರ ನಾ ಹೊಡದಾಡತಿದ್ದೆ. ನೀ ಕೊಟ್ಟಿ."

ಹತ್ತಿ ತುಂಬಿದ ಲಾರಿ ಹಿಂದಿನಿಂದ ಹಾರ್ನು ಹೊಡೆಯಿತು. ಡ್ರೈವರ್ ತಲೆ ಹೊರಗೆ ಹಾಕಿ, "ಯಾವ ಮಹಾರಾಜನ ಗಾಡಿಯೋ ಅದು, ತಗೀಲೇ!" ಎಂದು ಕೂಗಿದ. ಸುಶೀಲವ್ವ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿದಳು.

"ನನ್ನ ಗಾಡಿ! ತಾಯಿ ಮಗಳು ಮಾತಾಡಾಕತ್ತೇವಿ, ತಡಿ!"

ಅಮೃತಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಲಾರಿಯ ಹಾರ್ನು ಮತ್ತೆ ಬಡಿದುಕೊಂಡಿತು, ಈ ಸಲ ಬಿಡದೆ. ಸುಶೀಲವ್ವ ಎಂಜಿನ್ ಬಂದ್ ಮಾಡಿದಳು.

"ಈಗ ಹೇಳು" ಎಂದಳು.