ಬೆಳಕು ಯಾವ ಕಡೆ

ಎಸೆದ ಲೋಟ ಅವಳ ಬಾಯಿಗೇ ತಗುಲಿತೆಂದು ಸದ್ದಿನಿಂದ ದತ್ತಾತ್ರೇಯನಿಗೆ ತಿಳಿಯಿತು. ಎರಡೂ ಕಣ್ಣಿಗೆ ಪಟ್ಟಿಯಿದ್ದರೂ ಗುರಿ ತಪ್ಪಿರಲಿಲ್ಲ.

"ರಕ್ತ ಬಂತೇನು?"

"ಚಹಾ ಚೆಲ್ತು," ಎಂದಳು ಹೆಂಡತಿ ಸುಹಾಸಿನಿ.

ಅವನು ಎಸೆಯುವ ಮೊದಲು ಅವಳು ಹೇಳಿದ್ದಿಷ್ಟೇ: ಕಣ್ಣು ತೆಗಸೂಣ್ರಿ.

ಎಡಗಣ್ಣಿನ ಕಳಚಿದ ರೆಟಿನಾವನ್ನು ಡಾಕ್ಟರು ಕೂಡಿಸಿದ್ದರು. ಆಮೇಲೆ ಅದರಲ್ಲಿ ಕೀವು ತುಂಬಿತು. ಗುಡ್ಡೆಗೇ ಸೂಜಿ ಚುಚ್ಚಿ ಔಷಧಿ ಬಿಟ್ಟರು. ಅದು ಅಲುಗದಿರಲೆಂದು ಒಳ್ಳೆಯ ಬಲಗಣ್ಣಿಗೂ ಪಟ್ಟಿ ಕಟ್ಟಿದ್ದರು. ಈಗ ಒಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು, ನಿಧಾನವಾಗಿ, ತಿಂಗಳ ಸಂಬಳದವರ ಹಾಗೆ.

ಮಧ್ಯಾಹ್ನ ಆಸ್ಪತ್ರೆಯ ಈ ಕೋಣೆಯಲ್ಲೇ ಟಾರ್ಚಿನ ಪರೀಕ್ಷೆ. ಬೆಳಕು ಬಂದ ದಿಕ್ಕಾದರೂ ತಿಳಿದರೆ ಇನ್ನೊಂದು ಸೂಜಿ. ತಿಳಿಯದಿದ್ದರೆ ನಾಳೆ ಕಣ್ಣನ್ನೇ ತೆಗೆಯುವುದು.

"ನೀ ಹಿಂದ ನಿಂದ್ರು. ಟಾರ್ಚ್ ಯಾವ ಕಡೆ ಅದ ಅಂತ ಕನ್ನಡದಾಗ ಹೇಳು. ತೆಲುಗು ಡಾಕ್ಟರ್‌ಗೆ ತಿಳಿಯೂದಿಲ್ಲ."

"ಕೀವು ಮಿದುಳಿಗೆ ಏರಬಹುದು ಅಂದಾರ್ರೀ. ಜೀವಕ್ಕ..."

"ಜೀವ ನಂದು."

"ಹೌದ್ರಿ. ನಿಮ್ದೇ."

ಕುಷಾಯಿಗೂಡದ ಕಾರ್ಖಾನೆಯಲ್ಲಿ ಇಂಜಿನಿಯರ್ ದತ್ತಾತ್ರೇಯನ ಕೆಲಸ ಇತರರು ಮಾಡಿದ್ದರಲ್ಲಿ ದೋಷ ಹಿಡಿಯುವುದು. ಒಂದನ್ನೂ ಸುಳ್ಳು ಪಾಸು ಮಾಡಿದವನಲ್ಲ. ಮನೆಯಲ್ಲೂ ಅದೇ ಕೆಲಸ ಮುಂದುವರಿಸಿದ್ದ; ಅಲ್ಲಿದ್ದವಳು ಒಬ್ಬಳೇ.

ಡಾಕ್ಟರು ಬಂದು ಕೋಣೆ ಕತ್ತಲು ಮಾಡಿಸಿದರು. ಒಳ್ಳೆಯ ಕಣ್ಣಿನ ಪಟ್ಟಿಯ ಮೇಲೆ ಅಂಗೈ ಇಟ್ಟುಕೊಳ್ಳಲು ಅವನಿಗೆ ಹೇಳಿ, ಎಡಗಣ್ಣಿನದನ್ನು ಬಿಚ್ಚಿದರು. ಮೊದಲು ವಾಸನೆ ಬಂತು.

"ಲೈಟು ಎಟು ವೈಪು ಸಾರ್?" ಬೆಳಕು ಯಾವ ಕಡೆ ಎಂದು ತೆಲುಗಿನಲ್ಲಿ ಕೇಳಿದರು.

ಬರೀ ಕಪ್ಪು.

"ಮ್ಯಾಲ ಅದರಿ, ಅಂಜಬ್ಯಾಡ್ರಿ," ಸುಹಾಸಿನಿ ಸಮಾಧಾನ ಮಾಡುವವಳ ಹಾಗೆ ಅಂದಳು.

"ಪೈನ," ಎಂದ ದತ್ತಾತ್ರೇಯ.

"ಗುಡ್. ಇಪ್ಪುಡು?" ಈಗ ಯಾವ ಕಡೆ ಎಂದರು ಡಾಕ್ಟರು.

ಹಿಂದಿನಿಂದ ಉಸಿರು ಮಾತ್ರ ಕೇಳಿಸಿತು. ಅವನು ಇನ್ನೊಂದು ಕೈ ಹಿಂದಕ್ಕೆ ಚಾಚಿ ಅವಳ ಮಣಿಕಟ್ಟು ಹಿಡಿದು ತಿರುಚಿದ. ಬಳೆ ಒಡೆಯಿತು.

"ಹೇಳಲೇ!"

"ಏನೂ ಕಾಣವಲ್ದು ಅನ್ರಿ." ಊದಿದ ತುಟಿಯಲ್ಲಿ ಮಾತು ತೊದಲಿತು. "ಒಮ್ಮೆರೆ ಖರೇ ಹೇಳ್ರಿ."

ಅವಳು ಹೀಗೆ ಅಂದದ್ದು ತನ್ನನ್ನು ಬದುಕಿಸಲಿಕ್ಕೋ, ಸೇಡು ತೀರಿಸಿಕೊಳ್ಳಲಿಕ್ಕೋ? ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ಆ ಮುಖದಲ್ಲಿ ತಿಳಿಯುವಂಥದ್ದೇನಾದರೂ ಇರಬಹುದೆಂದು ಅವನಿಗೆ ಇದುವರೆಗೆ ಹೊಳೆದಿರಲಿಲ್ಲ.

"ಇಪ್ಪುಡು ಸಾರ್?"

ಇನ್ನೊಮ್ಮೆ ತಿರುಚಿದ. ಅವಳು ನರಳಲೂ ಇಲ್ಲ. ಸಿಟ್ಟೆಲ್ಲ ಒಳ್ಳೆಯ ಕಣ್ಣಿನ ಮೇಲಿದ್ದ ಅಂಗೈಗೆ ಇಳಿಯಿತು. ಒತ್ತಿದ. ಗುಡ್ಡೆ ಒಳಕ್ಕೆ ಸರಿಯುವಂತೆ ಒತ್ತಿದ. ಕಪ್ಪಿನಲ್ಲಿ ಹಳದಿ ಕಿಡಿ ಹಾರಿತು. ಹಿಂದೆಯೇ ಕೆಂಪು, ನೀಲಿ.

"ಉಂದಿ!" ಎಂದು ಕಿರುಚಿದ. "ಬೆಳಕು ಅದ!"

ಡಾಕ್ಟರು ಒಳ್ಳೆಯ ಕಣ್ಣಿನ ಮೇಲಿದ್ದ ಅವನ ಕೈ ಹಿಡಿದು ಎಳೆಯತೊಡಗಿದರು. ಅವನು ಬಿಡಲಿಲ್ಲ. ಇನ್ನಷ್ಟು ಒತ್ತಿದ, ಬೆಳಕು ಇನ್ನಷ್ಟು ಬಂತು.