ಉಪ್ಪು ನೋಡುವವರ ಹೆಂಡತಿ

ನನ್ನ ಗಂಡನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ‘ಉಪ್ಪಣ್ಣ’ ಎಂದು. ದೇಶದ ಯಾವ ಅಂಗಡಿಗೆ ಹೋದರೂ ಬಾಗಿಲಲ್ಲೇ ತೂಗಾಡುವ ಕೆಂಪು ಪೊಟ್ಟಣದ ಮೆಕ್ಕೆಜೋಳದ ಚಿಪ್ಸ್ ಇದೆಯಲ್ಲ, ಅದಕ್ಕೆ ಉಪ್ಪು ಸರಿಯಾಗಿದೆಯೇ ಎಂದು ನೋಡಿ ಹೇಳುವುದು ಅವರ ಕೆಲಸ. ಗಂಟೆಗೊಮ್ಮೆ ಮೂರು ಚಿಪ್ಸ್ ತಿನ್ನಬೇಕು, ಒಂದು ಗುಟುಕು ಬಿಸಿನೀರು ಕುಡಿಯಬೇಕು, ಚೀಟಿಗೆ ಸಹಿ ಹಾಕಬೇಕು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅವರ ಸಹಿ ಸುಳ್ಳಾಗಿರಲಿಲ್ಲ.

ಅಂಥ ನಾಲಿಗೆಯ ಜೊತೆ ಸಂಸಾರ ಮಾಡಿದವಳು ನಾನು. ತಟ್ಟೆಯ ಮುಂದೆ ಕೂತರೆ ಮೊದಲ ಮಾತೇ, “ಉಪ್ಪು ಜಾಸ್ತಿ ಆಯ್ತಲ್ಲೇ.” ನನಗೋ ಮೂಗಿನ ತುದಿಯಲ್ಲೇ ಕೋಪ. “ಆ ನಾಲಿಗೇನ ಕಾರ್ಖಾನೇಲೇ ಬಿಟ್ಟು ಬನ್ನಿ” ಎಂದು ರೇಗುತ್ತಿದ್ದೆ.

ಕಳೆದ ಚಳಿಗಾಲ ಅವರು ಎರಡು ವಾರ ಜ್ವರದಲ್ಲಿ ಮಲಗಿದರು. ಎದ್ದ ಮೇಲೆ ಏನು ಬಡಿಸಿದರೂ ತೆಪ್ಪಗೆ ತಿಂದು ಏಳತೊಡಗಿದರು. ಕೊನೆಗೂ ಬುದ್ಧಿ ಬಂತು ಎಂದು ನಾನು ಹಿಗ್ಗಿದೆ. ಒಂದು ದಿನ ಬೇಯಿಸಿದ ಆಲೂಗಡ್ಡೆಗೆ ಮರೆತು ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ನನಗೇ ಬಾಯಿಗಿಡಲು ಆಗಲಿಲ್ಲ. ಅವರು “ಚೆನ್ನಾಗಿದೆ” ಎಂದರು.

“ನಿಮಗೆ ರುಚಿ ಗೊತ್ತಾಗ್ತಿಲ್ವಾ?”

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ತಿಂಗಳಾಯ್ತು ಕಣೆ. ಕೆಲಸಕ್ಕೆ ವಾಪಸ್ ಹೋದಾಗಿಂದ ಅಂದಾಜಿನ ಮೇಲೇ ಸಹಿ ಹಾಕ್ತಿದೀನಿ. ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಕಾರ್ಖಾನೇಲಿ ಗೊತ್ತಾದ್ರೆ ನನ್ನ ಕಥೆ ಮುಗೀತು.”

ಅದೇ ಕಾರ್ಖಾನೆಯಲ್ಲಿ ನನ್ನ ಕೆಲಸವೂ. ಬೆಲ್ಟಿನ ಮೇಲೆ ಹರಿದು ಬರುವ ಚಿಪ್ಸ್‌ನಲ್ಲಿ ಸೀದದ್ದು, ಮಡಚಿಕೊಂಡದ್ದು ಹೆಕ್ಕಿ ತೆಗೆಯುತ್ತೇನೆ. ಉಪಾಯ ಹೂಡಿದವಳೂ ನಾನೇ. ಅವರು ಟ್ರೇ ಹಿಡಿದು ಬರುವಾಗ ನಾನೊಂದು ಚಿಪ್ಸ್ ತಿಂದು ನೋಡುವುದು. ಸರಿಯಿದ್ದರೆ ಟೋಪಿ ಮುಟ್ಟಿಕೊಳ್ಳುವುದು, ಹೆಚ್ಚಾಗಿದ್ದರೆ ಕೈಗವಸು ಸರಿಮಾಡಿಕೊಳ್ಳುವುದು.

ಒಂಬತ್ತು ದಿನವೂ ನಾನು ಟೋಪಿಯನ್ನೇ ಮುಟ್ಟಿದೆ. ಹತ್ತನೆಯ ದಿನ ಮೇಲ್ವಿಚಾರಕಿ ಅವರನ್ನು ಕರೆಸಿದರು. ಮೇಜಿನ ಮೇಲೆ ಗೋದಾಮಿನಿಂದ ತರಿಸಿದ ಪೊಟ್ಟಣ ಬಾಯಿ ಬಿಟ್ಟುಕೊಂಡು ಕೂತಿತ್ತು.

“ಇದಕ್ಕೆ ನೀವು ಸಹಿ ಹಾಕಿದೀರಾ? ಉಪ್ಪು ಅಂದ್ರೆ ಉಪ್ಪು!”

“ತಪ್ಪು ನಂದೇ ಮೇಡಂ. ಜ್ವರ ಬಂದ ಮೇಲೆ ನನಗೆ ರುಚಿ ಗೊತ್ತಾಗ್ತಿಲ್ಲ.” ಅಷ್ಟೇ ಹೇಳಿದರು. ಅಪ್ಪಿತಪ್ಪಿಯೂ ನನ್ನ ಸುದ್ದಿ ಎತ್ತಲಿಲ್ಲ.

ನಾನು ಬೆಲ್ಟು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದೆ. ನುಗ್ಗಿದೆ. “ತಿಂದು ನೋಡಿದ್ದು ನಾನು ಮೇಡಂ. ನನಗೆ ಸರಿಯಾಗೇ ಇತ್ತು.” ಪೊಟ್ಟಣದಿಂದ ಇನ್ನೊಂದು ತೆಗೆದು ಕಟುಂ ಎಂದು ಕಡಿದೆ. “ಈಗಲೂ ಸರಿಯಾಗೇ ಇದೆ. ನಿನ್ನ ಕೈ ಉಪ್ಪು ಜಾಸ್ತಿ ಅಂತ ಇವರು ಮದುವೆಯಾದಾಗಿಂದ ಬಡ್ಕೊಳ್ತಿದ್ರು. ನಾನು ಒಪ್ಪಿರಲಿಲ್ಲ.”

ಮೇಲ್ವಿಚಾರಕಿ ನಗು ತಡೆಯಲು ಕೆಮ್ಮಿದರು. ಆಮೇಲೆ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಮಾಡಿದರು. ಮಾಲು ಗೋದಾಮು ದಾಟಿರಲಿಲ್ಲ, ಬಚಾವಾದೆವು. ಅವರನ್ನು ಪೊಟ್ಟಣದ ಅಂಟು ಪರೀಕ್ಷಿಸುವ ಕಡೆಗೆ ಹಾಕಿದರು. “ರುಚಿ ವಾಪಸ್ ಬಂದ್ರೆ ನಿಮ್ಮ ಕುರ್ಚಿ ನಿಮಗೇ” ಎಂದರು.

ದಾರಿಯಲ್ಲಿ ಅವರು, “ನಿನ್ನ ಕೈ ಎಂಥದು ಅಂತ ಗೊತ್ತಿದ್ದೂ ನಿನ್ನ ನಾಲಿಗೆ ನಂಬಿದ್ನಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಅವರ ಪಾಲಿನ ಅಡುಗೆಯನ್ನು ಉಪ್ಪು ಹಾಕದೆ ತೆಗೆದಿಡತೊಡಗಿದೆ. ಯಾವತ್ತಾದರೂ ‘ಸಪ್ಪೆ’ ಎಂದಾರು, ಹಾಗೆಂದರೆ ನಾಲಿಗೆಗೆ ರುಚಿ ಮರಳಿತು ಎಂದು ಕಾದೆ. ಎರಡು ತಿಂಗಳು ಕಾದೆ. ದಿನವೂ “ಚೆನ್ನಾಗಿದೆ” ಎಂದೇ ತಿಂದರು. ತಪ್ಪು ಹುಡುಕುವವರಿಲ್ಲದ ಅಡುಗೆಮನೆ ಬಿಕೋ ಎನ್ನುತ್ತಿತ್ತು. ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ನಿನ್ನೆ ಅವರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಕಣ್ಣು ಕೆಂಪಾಗಿದ್ದು ಕಂಡಿರಬೇಕು. ಚಮಚ ಕೆಳಗಿಟ್ಟು ಹುಬ್ಬು ಗಂಟಿಕ್ಕಿದರು.

“ಉಪ್ಪು ಜಾಸ್ತಿ ಆಯ್ತಲ್ಲೇ.”

ತಟ್ಟೆಯಲ್ಲಿ ಒಂದು ಹರಳು ಉಪ್ಪೂ ಇರಲಿಲ್ಲ. ಅದನ್ನು ನಾನು ಹೇಳಲಿಲ್ಲ. ನನ್ನನ್ನು ಸಮಾಧಾನಪಡಿಸಲು ಅವರಿಗೆ ತೋಚಿದ್ದು ಆ ಹಳೆಯ ಮಾತು, ನನಗೂ ಬೇಕಾಗಿದ್ದದ್ದು ಅದೇ.

“ಆಯ್ತು ಬಿಡಿ, ನಾಳೆಯಿಂದ ಕಮ್ಮಿ ಹಾಕ್ತೀನಿ” ಎಂದೆ. ಆ ಮಾತಿಗೆ ನಾನು ಸೋತದ್ದು ಅದೇ ಮೊದಲು.