ಈರಿತ್ ಜೆಟ್ಟಿಯಲ್ಲಿ ನೂಲು ಹುಣ್ಣಿಮೆ

ಗುಲಾಬಿಯದು ಉಡದ ಪಟ್ಟು. ನೂಲು ಹುಣ್ಣಿಮೆಯ ಮಧ್ಯಾಹ್ನ ಮಗ ಶಿಶಿರನಿಂದ ಕಾರು ಹೊರಡಿಸಿ, ಲಂಡನ್ನಿನ ಪೂರ್ವದಂಚಿನ ಈರಿತ್‌ಗೆ ಬಂದು, ನೀರಿನೊಳಕ್ಕೆ ಚಾಚಿದ ಅಲ್ಲಿನ ಉದ್ದನೆಯ ಜೆಟ್ಟಿಯ ತುದಿಯಲ್ಲಿ ನಿಂತಳು. ಒಂದು ಕೈಯಲ್ಲಿ ಹಾಲಿನ ತಂಬಿಗೆ, ಇನ್ನೊಂದರಲ್ಲಿ ಜುಟ್ಟಿಗೆ ಕೆಂಪು ನೂಲು ಕಟ್ಟಿದ ತೆಂಗಿನಕಾಯಿ.

ಮಾರನೆಯ ಬೆಳಗ್ಗೆ ಗಂಗೊಳ್ಳಿಯಲ್ಲಿ ಅವಳ ತಮ್ಮ ವಾಸು ಮಳೆಗಾಲದ ಬಿಡುವು ಮುಗಿಸಿ ದೋಣಿ ಇಳಿಸಬೇಕಿತ್ತು. ಅವರ ಮನೆಯಲ್ಲಿ ಕಡಲಿಗೆ ಕಾಯಿ ಬಿಡುವುದು ಹಿರಿಯ ಮಗಳ ಪಾಲಿನ ಕೆಲಸ. ಹೋದ ವರ್ಷ ಲಂಡನ್ನಿನದೇ ಇನ್ನೊಂದು ಮೂಲೆಯ ಫೆಲ್ಥಮ್‌ನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತ ಗುಲಾಬಿ ಅದನ್ನು ಮರೆತಳು. ಆ ವಾರವೇ ದೋಣಿ ಮಗುಚಿ, ವಾಸು ಹೇಗೋ ಈಜಿ ಬದುಕಿದ. ಅಕ್ಕನ ಕಾಯಿ ಕಡಲು ಸೇರಿದ ಸುದ್ದಿ ಬಾರದೆ ಈ ಸಲ ದೋಣಿ ಮುಟ್ಟುವುದಿಲ್ಲವೆಂದು ಅವನು ಕೂತುಬಿಟ್ಟಿದ್ದ.

“ಅಮ್ಮ, ಇದ್ ಥೇಮ್ಸ್ ಹೊಳಿ, ಕಡ್ಲಲ್ಲ,” ಎಂದ ಶಿಶಿರ.

“ಕಡ್ಲೇ ಕಾಣ್. ಉಪ್ಪಿನ್ ವಾಸ್ನಿ ಬತ್ತಿತ್.”

ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಇಂಗ್ಲಿಷ್ ಮುದುಕ ವಿಷಯ ಕೇಳಿ ಗುಲಾಬಿಯ ಪರವೇ ನಿಂತ. ಒಂದು ಕಾಲಕ್ಕೆ ಲಂಡನ್ನಿನವರು ಸ್ಟೀಮರ್ ಹತ್ತಿ ಕಡಲ ಗಾಳಿಗೆಂದು ಬರುತ್ತಿದ್ದುದೇ ಇಲ್ಲಿಗಂತೆ. ಹೋಟೆಲು, ಉದ್ಯಾನ, ಏನು ಮೆರೆದಾಟ! ರೈಲು ಜನರನ್ನು ದೊಡ್ಡ ಕಡಲಿಗೇ ಒಯ್ಯತೊಡಗಿದ್ದೇ ತಡ, ಎಲ್ಲರೂ ಬೆನ್ನು ಹಾಕಿದರು. ಆಮೇಲೆ ಬಂದದ್ದು ಕಲ್ಲಿದ್ದಲು, ಕಾರ್ಖಾನೆಯ ಹೊಗೆ, ಈಗ ಸೂಪರ್‌ಮಾರ್ಕೆಟ್ಟು. ಊರು ಬಿದ್ದರೂ ಮೀಸೆ ಮಣ್ಣಾಗಿಲ್ಲ. ಅದು ಗುಲಾಬಿಗೆ ಹಿಡಿಸಿತು.

ಅವಳು ಹಾಲೆರೆದು ಕಾಯಿ ಬಿಟ್ಟಳು. ಕಾಯಿ ಒಮ್ಮೆ ಮುಳುಗಿ ಎದ್ದು, ಕಡಲಿಗೆ ಬೆನ್ನು ತಿರುಗಿಸಿ ಪೇಟೆಯ ಕಡೆಗೆ ಹೊರಟಿತು. ಭರತದ ನೀರು ಕಡಲಿನಿಂದ ಹೊಳೆಯೊಳಕ್ಕೆ ಏರುತ್ತಿತ್ತು. ಮೀನುಗಾರರ ಮನೆಯ ಮಗಳು ಭರತ ಇಳಿತ ನೋಡದೆ ಕಾಯಿ ಬಿಟ್ಟಿದ್ದಳು! ಗುಲಾಬಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

“ನಿನ್ ಕಾಯಿ ಲಂಡನ್ ಬ್ರಿಡ್ಜ್ ಕಾಂಬುಕೆ ಹೋಯ್ತ್,” ಎಂದು ನಕ್ಕ ಶಿಶಿರ ತಾಯಿಯ ಮುಖ ನೋಡಿ ಅಲ್ಲಿಂದ ಹೊರಟ. ಸೂಪರ್‌ಮಾರ್ಕೆಟ್ಟಿಗೆ ಓಡಿ ಇನ್ನೊಂದು ಕಾಯಿ ತಂದ. ನಾರು ಹೆರೆದು ನುಣ್ಣಗಾದ ಕಾಯಿ.

“ಜುಟ್ಟಿಲ್ದಿದ್ ಬೋಳ್ ಕಾಯಿ ಕಡ್ಲಿಗಾ? ನನ್ ಕಾಯಿಯೇ ತಿರ್ಗಿ ಬರ್ಕ್. ಅಲ್ಲಿವರೆಗೆ ನಾನ್ ಏಳ್ತಿಲ್ಲೆ.”

ಕೂತಳು. ಗಾಳಿ ಸೀರೆಯನ್ನು ಹರಿದುಹಾಕುವಂತೆ ಬೀಸಿತು. ಮುದುಕ ತನ್ನ ಫ್ಲಾಸ್ಕಿನ ಚಹಾ ಕೊಟ್ಟ. ಶಿಶಿರ ಮನೆಗೆ ಹೋಗೋಣವೆಂದು ಕೇಳಿ ಕೇಳಿ ಸೋತು, ಕೊನೆಗೆ ತಾನೂ ಪಕ್ಕದಲ್ಲಿ ಕೂತು ನೀರು ನೋಡತೊಡಗಿದ. ಬಿಸಿಲು ವಾಲುವ ಹೊತ್ತಿಗೆ ನೀರು ನಿಂತಿತು. ಆಮೇಲೆ ಮೆಲ್ಲಗೆ ಕಡಲಿನತ್ತ ಹೊರಳಿತು.

“ಅಮ್ಮಾ! ಕೆಂಪ್ ನೂಲ್! ಅಲ್ಲ್ ಕಾಣ್!”

ಕಾಯಿ ಜೆಟ್ಟಿಯ ಕಂಬಗಳನ್ನು ದಾಟಿ ಕಡಲಿನತ್ತ ಧಾವಿಸಿತು. ಅದು ಚುಕ್ಕಿಯಾಗಿ ಮಾಯವಾಗುವವರೆಗೂ ಗುಲಾಬಿ ಜೆಟ್ಟಿಯಂಚಿನ ಕಂಬಿ ಬಿಡಲಿಲ್ಲ. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿಯಿತು. ಕಣ್ಣೊರೆಸಿಕೊಂಡು ಫೋನು ಹಚ್ಚಿದಳು. ಗಂಗೊಳ್ಳಿಯಲ್ಲಿ ಆಗಲೇ ರಾತ್ರಿ; ತಮ್ಮ ನಿದ್ದೆ ಮಾಡದೆ ಕಾದಿದ್ದ.

“ವಾಸೂ,” ಎಂದಳು, “ದೋಣಿ ಇಳ್ಸ್.”